ಜೂನ್ ಒಂದರ ಮಕ್ಕಳು

ಡಾಕ್ಟರ್ ಹಂಚಿನಾಳನ ಬೆರಳಿನ ಉಂಗುರವನ್ನು ಕೊಯ್ದು ತೆಗೆಯಬೇಕಾಯಿತಂತೆ ಎಂಬ ಸುದ್ದಿ ಬಂದ ದಿನ, ನೀಲಗಂಗಾ ಮನೆಗೆ ಹೋಗುವಾಗ ಅರ್ಧ ಕೇಜಿ ಕರದಂಟು ಕಟ್ಟಿಸಿಕೊಂಡಳು.

"ಏನ್ರೀ ಅಕ್ಕಾರ, ಮನ್ಯಾಗ ಏನು ವಿಶೇಷ?" ಎಂದು ಅಂಗಡಿಯವನು ಕೇಳಿದ.

"ನಮ್ಮ ಸಾಹೇಬರು ದೊಡ್ಡ ಮನಷ್ಯಾ ಆಗಾಕ ಹತ್ಯಾರ," ಎಂದಳು.

ಅವಳಿಗಾದ ಸಂತೋಷವನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ. ಹದಿನಾರು ವರ್ಷ ಆ ಮನುಷ್ಯನ ಕೈಕೆಳಗೆ ತಲೆ ತಗ್ಗಿಸಿ ಕೆಲಸ ಮಾಡಿದ್ದಳು. ಅವನ ಎದುರು ಬಂದಾಗಲೆಲ್ಲ ಕೈಮುಗಿದು, ಬೆನ್ನು ತಿರುಗಿದ ಮೇಲೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದ್ದಳು. ಆ ಶಾಪ ಯಾವುದೂ ತಟ್ಟಿರಲಿಲ್ಲ. ಈಗ ಅವನೇ ಬರೆದ ನಿಯಮ ಅವನ ಬೆರಳಿಗೆ ಬಂದು ಹಿಡಿದಿತ್ತು.

ಮನೆಯಲ್ಲಿ ಮಗಳು ದಾಕ್ಷಾಯಿಣಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಇಪ್ಪತ್ತು ವರ್ಷದ, ಆರಡಿ ನಾಲ್ಕಂಗುಲದ ಹುಡುಗಿ. ಮೊಣಕಾಲು ತಾಗದಿರಲೆಂದು ಯಂತ್ರದ ನಾಲ್ಕೂ ಕಾಲಿನ ಕೆಳಗೆ ಇಟ್ಟಿಗೆ ಕೊಟ್ಟಿದ್ದರು. ಎಡಗಾಲು ಬಲಗಾಲಿಗಿಂತ ಮೂರು ಬೆರಳು ಗಿಡ್ಡ. ಕೋಲಿಲ್ಲದೆ ಅಡುಗೆಮನೆಗೂ ಹೋಗಲಾರಳು.

"ಏನವಾ, ಕರದಂಟು? ಪಗಾರ ಹೆಚ್ಚಾತೇನು?"

"ಹಂಚಿನಾಳನ ಉಂಗುರ ಕೊಯ್ದ್ರಂತ."

ಯಂತ್ರ ತುಳಿಯುತ್ತಿದ್ದ ದಾಕ್ಷಿಯ ಕಾಲು ನಿಂತಿತು. "ಬೆರಳು ಅಷ್ಟು ದಪ್ಪ ಆಗೇತಿ?"

"ಹೆಬ್ಬೆಟ್ಟಿನಷ್ಟು."

"ಮೂಗು?"

"ಮೂಗೂ ಅಗಲ ಆಗೇತಿ. ಗದ್ದಾ ಮುಂದ ಬಂದೈತಿ."

"ಹಂಗಾದ್ರ ನನಗ ಎರಡು ತುಂಡು ಕೊಡು," ಎಂದು ದಾಕ್ಷಿ ಕೈಚಾಚಿದಳು. ಬಾಯಿತುಂಬ ತಿನ್ನುತ್ತ, "ಆ ಕಳಕಪ್ಪ ಮಾಸ್ತರಗೂ ಒಂದು ಕಡ್ಲಿ ಹಾಕಬೇಕಾಗಿತ್ತು ನೋಡವಾ. ಸತ್ತು ಪಾರಾದ ಮುದುಕ," ಎಂದಳು.

ಹಂಚಿನಾಳನನ್ನು ಬಯ್ಯುವಾಗ ಜೊತೆಗೂಡುವ ನೀಲಗಂಗಾ, ಮಾಸ್ತರರ ಹೆಸರು ಬಂತೆಂದರೆ ಏನಾದರೂ ಕೆಲಸ ನೆನಪಾದವಳಂತೆ ಎದ್ದುಬಿಡುತ್ತಿದ್ದಳು. ಅವತ್ತೂ ಚಹಾ ಇಡುತ್ತೇನೆಂದು ಒಳಗೆ ಹೋದಳು.

ಕಡಲೆ ಎಂದರೇನು, ಮಾಸ್ತರರು ಯಾರು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ.

ನಮ್ಮ ಮಿದುಳಿನ ಬುಡದಲ್ಲಿ ಬಟಾಣಿಯಷ್ಟು ದೊಡ್ಡ ಪಿಟ್ಯುಟರಿ ಎಂಬ ಗ್ರಂಥಿಯಿದೆ. ಮಗು ಗಾಢ ನಿದ್ದೆಗೆ ಜಾರಿದಾಗ ಅದು ಬೆಳವಣಿಗೆಯ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಒಂದೇ ಸಮನೆ ಅಲ್ಲ, ಬಿಟ್ಟುಬಿಟ್ಟು, ಚಿಮ್ಮಿದಂತೆ. ಅದರ ಮೇಲೆ ಕೂತ ಮಿದುಳಿನ ಭಾಗ ಬಿಡು ಎಂದು ಒಂದು ಸಂದೇಶ, ಸಾಕು ಎಂದು ಇನ್ನೊಂದು ಸಂದೇಶ ಕಳಿಸುತ್ತಿರುತ್ತದೆ. ಹಾರ್ಮೋನು ಯಕೃತ್ತಿಗೆ ಹೋಗಿ ಮತ್ತೊಂದು ರಸವನ್ನು ಎಬ್ಬಿಸುತ್ತದೆ. ಎರಡೂ ಸೇರಿ ಎಲುಬಿನ ತುದಿಯಲ್ಲಿರುವ ಮೆತ್ತನೆಯ ಬೆಳವಣಿಗೆಯ ಗೆರೆಯನ್ನು ದುಡಿಸುತ್ತವೆ. ಆ ಗೆರೆ ತೆರೆದಿರುವವರೆಗೆ ಮಗು ಉದ್ದವಾಗುತ್ತದೆ. ಹರೆಯ ಮುಗಿಯುವಾಗ ಗೆರೆ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಎಷ್ಟು ಹಾರ್ಮೋನು ಸುರಿದರೂ ಉದ್ದ ಆಗುವುದಿಲ್ಲ. ಅಡ್ಡ ಬೆಳೆಯುತ್ತದೆ: ಬೆರಳು, ಪಾದ, ಗದ್ದ, ನಾಲಗೆ, ಕೊನೆಗೆ ಹೃದಯ.

ಗಿಡ್ಡ ಮಕ್ಕಳಿಲ್ಲದ ನಾಡು ಮಾಡುತ್ತೇವೆಂದು ‘ಚಿಗುರು’ ಯೋಜನೆ ಬಂದಾಗ, ಗದಗಿನ ಹೊರಗೆ ಒಂದು ಕೇಂದ್ರ ಎದ್ದಿತು. ಅದರ ನಿರ್ದೇಶಕ ಸಂಗಣ್ಣ ಹಂಚಿನಾಳ. ಮಗುವಿನ ತೋಳಿನಲ್ಲಿ ಹಾರ್ಮೋನು ತಯಾರಿಸುವ ಜೀವಕೋಶಗಳನ್ನು ನೆಟ್ಟು, ಅದರ ಮೇಲೆ ಕಡಲೆಕಾಳಿನಷ್ಟು ಒಂದು ಚಿಪ್ ಕೂರಿಸುತ್ತಿದ್ದರು. ಜನ ಅದನ್ನು ಕಡ್ಲಿ ಎಂದೇ ಕರೆದರು. ಕಡಲೆ ಮಗುವಿನ ನಿದ್ದೆ ನೋಡುತ್ತದೆ, ಎತ್ತರ ನೋಡುತ್ತದೆ, ಎಲುಬು ಎಷ್ಟು ಬಲಿತಿದೆ ಎಂದು ನೋಡುತ್ತದೆ, ವಯಸ್ಸಿಗೆ ಹೋಲಿಸುತ್ತದೆ. ಒಂದು ಕಡಿಮೆ ಬಿದ್ದರೂ ತಿಂಗಳು ತಿಂಗಳು ಒಂದಿಷ್ಟು ಏರಿಸುತ್ತದೆ. ಒಮ್ಮೆ ನೆಟ್ಟರೆ ಕೀಳುವಂತಿಲ್ಲ. ಜೀವಕೋಶಗಳು ಅಷ್ಟರಲ್ಲಿ ಮೈಯ ಮಾಂಸದಲ್ಲಿ ಬೇರು ಬಿಟ್ಟಿರುತ್ತವೆ. ಕಡಲೆ ಅವುಗಳ ಮುಚ್ಚಳ. ಮುಚ್ಚಳ ತೆಗೆದರೆ ಹಾರ್ಮೋನು ತಡೆಯಿಲ್ಲದೆ ಸುರಿಯುತ್ತದೆ.

ಎಲ್ಲವೂ ಚೆಂದ. ಆದರೆ ಕಡಲೆಗೆ ವಯಸ್ಸು ಹೇಳುವವರು ಯಾರು? ಶಾಲೆಯ ದಾಖಲೆ. ಆ ದಾಖಲೆಯ ಪ್ರಕಾರ ಅರ್ಧ ಜಿಲ್ಲೆ ಹುಟ್ಟಿದ್ದು ಜೂನ್ ಒಂದಕ್ಕೆ! ತಾರೀಖು ನೆನಪಿಲ್ಲ ಎಂದವರಿಗೆಲ್ಲ ಮಾಸ್ತರರು ಶಾಲೆ ಶುರುವಾಗುವ ದಿನವನ್ನೇ ಬರೆದುಕೊಡುತ್ತಿದ್ದರು. ವರ್ಷವನ್ನೂ ಹಿಂದೆ ಮುಂದೆ ಮಾಡುತ್ತಿದ್ದರು.

ದಾಕ್ಷಿಯದು ಕಳಕಪ್ಪ ಮಾಸ್ತರರ ಶಾಲೆ. ಗಂಡ ತೀರಿಕೊಂಡ ವರ್ಷ ನೀಲಗಂಗಾಳಿಗೆ ಕೇಂದ್ರದಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಸಿಕ್ಕಿತು. ನಾಲ್ಕು ವರ್ಷದ ಕೂಸನ್ನು ಬಿಟ್ಟು ಹೋಗಲು ಮನೆಯಲ್ಲಿ ಯಾರೂ ಇರಲಿಲ್ಲ. ಶಾಲೆಗೆ ಎತ್ತಿಕೊಂಡು ಹೋಗಿ, "ಆರು ತುಂಬ್ಯಾವಂತ ಬರಕೊಳ್ರಿ ಮಾಸ್ತರ" ಎಂದಳು. "ಬ್ಯಾಡ ತಂಗಿ, ಕೂಸು ಇನ್ನೂ ಭಾಳ ಸಣ್ಣದೈತಿ" ಎಂದರು ಅವರು. ಇವಳು ಅತ್ತಳು. ಅವರು ಬರೆದರು. ಇವಳು ಸಹಿ ಮಾಡಿದಳು.

ಮೂರು ವರ್ಷದ ಮೇಲೆ ಕೇಂದ್ರದವರು ಶಾಲೆಗೆ ಹೋದಾಗ, ಒಂಬತ್ತರ ದಾಕ್ಷಿ ಏಳರವಳಷ್ಟೇ ಎತ್ತರ ಇದ್ದಳು. ಇರಲೇಬೇಕಲ್ಲ, ಅವಳಿಗೆ ಏಳೇ ವರ್ಷ! ಎಡಗೈಯ ಎಕ್ಸ್‌ರೇಯಲ್ಲಿ ಎಲುಬುಗಳೂ ಏಳು ಎಂದೇ ಹೇಳಿದವು. ಯಂತ್ರ ಅದನ್ನು ಎಲುಬು ಹಿಂದುಳಿದಿದೆ, ಹಾರ್ಮೋನು ಸಾಲದು ಎಂದು ಓದಿತು. ಸತ್ಯ ಹೇಳಿದ ಎಲುಬನ್ನೇ ರೋಗಿ ಮಾಡಿ ಕಡಲೆ ಕೂರಿಸಿದರು. ನೀಲಗಂಗಾ ಆವಾಗ ಬಾಯಿ ಬಿಡಲಿಲ್ಲ. ಮಗಳು ನಾಲ್ಕಂಗುಲ ಹೆಚ್ಚು ಬೆಳೆದರೆ ಒಳ್ಳೆಯದೇ ಆಯಿತಲ್ಲ ಎಂದುಕೊಂಡಳು.

ವರ್ಷ ತುಂಬುವುದರೊಳಗೆ ಹುಡುಗಿ ಮೊಣಕಾಲು ನೋವೆಂದು ಅಳತೊಡಗಿದಳು. ನೀಲಗಂಗಾ ದಿನಾ ಮೊಣಕಾಲಿಗೆ ಎಣ್ಣೆ ತಿಕ್ಕಿದಳು. ಕೊನೆಗೊಂದು ದಿನ ತಾನೇ ಯಂತ್ರದ ಕೆಳಗೆ ಮಲಗಿಸಿ ಚಿತ್ರ ತೆಗೆದು ನೋಡಿದಳು. ತಪ್ಪಿದ್ದು ಮೊಣಕಾಲಲ್ಲ, ಸೊಂಟ. ತೊಡೆಯ ಎಲುಬಿನ ಗುಂಡು, ಅತಿವೇಗವಾಗಿ ಬೆಳೆದ ಆ ಮೆತ್ತನೆಯ ಗೆರೆಯ ಮೇಲೆ ನಿಲ್ಲಲಾರದೆ ಜಾರಿತ್ತು.

ಚಿತ್ರ ಹಿಡಿದುಕೊಂಡು ಹಂಚಿನಾಳನ ಕೋಣೆಗೆ ಓಡಿದಳು. ಕಾಲಿಗೆ ಬಿದ್ದಳು. ವಯಸ್ಸು ಸುಳ್ಳು, ತಾನೇ ಬರೆಸಿದ್ದು, ಎಂಟಕ್ಕೆ ಇಳಿಸಿರಿ ಎಂದಳು. ಅವನು ಚಿತ್ರ ನೋಡಿದ, ಜೂನ್ ಒಂದರ ಮಕ್ಕಳ ಪಟ್ಟಿ ನೋಡಿದ. ಹನ್ನೆರಡು ಸಾವಿರ ಹೆಸರು. ಒಂದನ್ನು ಒಪ್ಪಿದರೆ ಎಲ್ಲವನ್ನೂ ಒಪ್ಪಬೇಕಾಗುತ್ತದೆಂದು ಅವನಿಗೆ ಅರ್ಧ ನಿಮಿಷದಲ್ಲಿ ಹೊಳೆಯಿತು.

"ದಾಖಲೆನ ಅಂತಿಮ," ಎಂದ. "ಸುಳ್ಳು ವಯಸ್ಸು ಬರಸೂದು ಅಪರಾಧ ಅಂತ ಗೊತ್ತೈತಿಲ್ಲೋ ನಿನಗ? ನೀ ಜೇಲಿಗೆ ಹೋದ್ರ ಕೂಸಿನ ಯಾರು ನೋಡತಾರ? ‘ನಾ ಕೊಟ್ಟ ವಯಸ್ಸು ಖರೇ’ ಅಂತ ಬರದು ಸಹಿ ಮಾಡು. ಕೆಲಸಾ ಉಳೀತೈತಿ."

ಅವಳು ಬರೆದುಕೊಟ್ಟಳು. ಮರುವಾರ ಅವನು ನಿಯಮವನ್ನೇ ಬಿಗಿ ಮಾಡಿದ. ದಾಖಲೆಯ ವಯಸ್ಸು ತಿದ್ದಲು ಸುಳ್ಳು ಕೊಟ್ಟವರ ಪ್ರಮಾಣಪತ್ರವೇ ಬೇಕು, ಒಂದೇ ಒಂದು ಪ್ರಮಾಣಪತ್ರ ಸ್ವೀಕರಿಸಿದರೂ ಎಲ್ಲ ಕಡತಗಳನ್ನೂ ತೆರೆದು ಮನೆಮನೆಗೆ ಕಳಿಸಬೇಕು ಎಂದು ಗಣಕದಲ್ಲೇ ಬರೆಸಿದ. ಅದನ್ನು ಸ್ವೀಕರಿಸುವ ಧೈರ್ಯ ಯಾವ ಅಧಿಕಾರಿಗೂ ಬರಬಾರದೆಂಬುದೇ ಅವನ ಲೆಕ್ಕಾಚಾರ. ದಾಕ್ಷಿಯ ಸೊಂಟ ಪೂರ್ತಿ ಕುಸಿಯಿತು. ಗೆರೆ ಮುಚ್ಚಿಕೊಳ್ಳುವವರೆಗೆ ಬೆಳೆಯುತ್ತಲೇ ಹೋದಳು.

ಮಗಳಿಗೆ ನೀಲಗಂಗಾ ಹೇಳಿದ್ದು ಒಂದೇ ಮಾತು. "ಮಾಸ್ತರ ತಪ್ಪು ಬರದ."

ಹಂಚಿನಾಳನ ಕಥೆ ಇದಕ್ಕಿಂತ ಸಣ್ಣದು. ನಿವೃತ್ತಿ ಹತ್ತಿರ ಬಂದಾಗ ಅವನು ತನ್ನ ಸೇವಾ ಪುಸ್ತಕದಲ್ಲಿ ಹುಟ್ಟಿದ ವರ್ಷವನ್ನು ನಾಲ್ಕು ವರ್ಷ ಮುಂದಕ್ಕೆ ತಳ್ಳಿಸಿಕೊಂಡಿದ್ದ. ಹೊಸ ದಿನಾಂಕ? ಜೂನ್ ಒಂದೇ, ಮತ್ತೇನು! ಅರವತ್ತೊಂದರ ಮನುಷ್ಯ ಐವತ್ತೇಳಾಗಿ ಕುರ್ಚಿಯಲ್ಲಿ ಕೂತ. ವಯಸ್ಸಾದವರ ತೋಳಿಗೂ ಕಸುವು ಕೊಡುವ ‘ಮರುಚಿಗುರು’ ಬಂದಾಗ, ವೇದಿಕೆಯ ಮೇಲೆ ಎಲ್ಲರಿಗಿಂತ ಮೊದಲು ತೋಳು ಚಾಚಿ ಕಡಲೆ ಹಾಕಿಸಿಕೊಂಡ. ಚಪ್ಪಾಳೆ ಬಿತ್ತು. ಕಡಲೆ ಅವನ ತೋಳಿನ ಬಲ ಅಳೆಯಿತು, ಐವತ್ತೇಳಕ್ಕೆ ಹೋಲಿಸಿತು, ಕಡಿಮೆ ಎಂದಿತು, ಏರಿಸಿತು. ಮುಂದಿನ ತಿಂಗಳು ಮತ್ತೆ ಏರಿಸಿತು. ಮುದಿ ತೋಳು ಬಲಿಯಲಿಲ್ಲ. ಬೆರಳು ಬಲಿತವು.

ಉಂಗುರ ಕೊಯ್ದ ವಾರ ಅವನು ಅಳತೆ ವಿಭಾಗಕ್ಕೆ ತಾನೇ ನಡೆದುಬಂದ. ಆ ವಿಭಾಗಕ್ಕೆ ಈಗ ನೀಲಗಂಗಾಳೇ ಮುಖ್ಯಸ್ಥೆ. ಬಾಗಿಲು ಹಾಕಿಕೊಂಡು ಕೂತ. ಬೆವರು ಧಾರಾಕಾರ ಇಳಿಯುತ್ತಿತ್ತು.

"ನೀಲಗಂಗಮ್ಮ, ನೀವು ಒಂದು ಉಪಕಾರ ಮಾಡಬೇಕು," ಎಂದ. ನಾಲಗೆ ದಪ್ಪವಾಗಿ ಮಾತು ತೊದಲುತ್ತಿತ್ತು.

ಹದಿನಾರು ವರ್ಷದಲ್ಲಿ ಮೊದಲ ಸಲ ‘ನೀವು’ ಎಂದಿದ್ದ. ನೀಲಗಂಗಾ ಅದನ್ನು ಬೆಲ್ಲದ ಚೂರಿನ ಹಾಗೆ ಬಾಯಲ್ಲಿಟ್ಟುಕೊಂಡು, "ಹೇಳ್ರಿ ಸಾಹೇಬ್ರ," ಎಂದಳು.

"ಕಡ್ಲಿ ಏರಕೋತನ ಹೊಂಟೈತಿ. ನಿಮ್ಮ ಹತ್ರ ದುರಸ್ತಿ ಕೋಡ್ ಐತಿ. ವಯಸ್ಸಿನ ಜಾಗಾದಾಗ ಅರವತ್ತೊಂದು ಅಂತ ಹೊಡದುಬಿಡ್ರಿ. ಯಾರಿಗೂ ಗೊತ್ತಾಗೂದಿಲ್ಲ."

"ಸಾಹೇಬ್ರ ವಯಸ್ಸು ಐವತ್ತೇಳಲ್ರಿ?"

ಅವನು ಹಾಕಿದ ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ, "ಎಕ್ಸ್‌ರೇ ತಗದು ನೋಡ್ರಿ. ಎಲುಬಿನ ಮ್ಯಾಲೆ ವಯಸ್ಸು ಸಿದ್ಧಮಾಡಿ ವರದಿ ಕೊಡ್ರಿ," ಎಂದ.

ಅವಳಿಗೆ ನಗು ಬಂತು, ತಡೆಯಲಿಲ್ಲ. "ಮಕ್ಕಳ ಎಲುಬು ಮಾತಾಡತಾವ್ರಿ. ಗೆರಿ ತೆರದಿರತಾವು, ಏಳು ಅಂದ್ರ ಏಳು ಅಂತ ಹೇಳತಾವು. ಕೇಳೋರಿರಬೇಕಷ್ಟ. ನಿಮ್ಮ ಎಲುಬಿನ ಗೆರಿ ಮುಚ್ಚಿ ನಲವತ್ತು ವರ್ಷ ಆತು. ಅವೇನು ಹೇಳ್ಯಾವು? ಇನ್ನ ನಿಮಗ ದಾಖಲೆನ ಅಂತಿಮ."

ಅವನು ಹೊರಟ ಮೇಲೆ ಅವಳು ಗಣಕದಲ್ಲಿ ಅವನ ಕಡತ ತೆರೆದು ಕೂತಳು. ಮಗಳ ಗೆರೆ ಮುಚ್ಚಿದ ಮೇಲಷ್ಟೇ ಕೈಗೆ ಬಂದಿದ್ದ ಆ ಕೋಡ್ ಒತ್ತಲು ಒಂದು ನಿಮಿಷ ಸಾಕಿತ್ತು. ಒತ್ತಲಿಲ್ಲ. ಅವಳು ಕಾದದ್ದು ಅವನ ಸಹಿಗೆ. ಅರವತ್ತೊಂದು ಎಂದು ಅವನೇ ಬರೆದುಕೊಟ್ಟರೆ ದಾಖಲೆ ಸುಳ್ಳೆಂದು ಕೇಂದ್ರವೇ ಒಪ್ಪಿದಂತಾಗುತ್ತದೆ. ಹನ್ನೆರಡು ಸಾವಿರ ಕಡತ ತೆರೆಯುತ್ತದೆ. ಕುರ್ಚಿ ಹೋಗುತ್ತದೆ, ಮಾನ ಹೋಗುತ್ತದೆ. ಅಲ್ಲಿಯವರೆಗೆ ಬೆಳೆಯಲಿ ಎಂದುಕೊಂಡಳು.

ಪ್ರತಿ ತಿಂಗಳು ಅವನ ಅಳತೆ ತೆಗೆಯುವುದು ಅವಳ ಪಾಲಿಗೆ ಹಬ್ಬವಾಯಿತು. ಬೂಟಿನ ನಂಬರು ಎಂಟರಿಂದ ಹತ್ತಕ್ಕೆ, ಹನ್ನೊಂದಕ್ಕೆ ಹೋಯಿತು. ಹಲ್ಲುಗಳು ಸಂದು ಬಿಟ್ಟವು. ಸಕ್ಕರೆ ಕಾಯಿಲೆ ಬಂತು. ದನಿ ಒಡೆದು ಭಾರವಾಯಿತು. ಮನೆಗೆ ಬಂದು ಮಗಳಿಗೆ ಒಂದೊಂದನ್ನೂ ಬಿಡಿಸಿ ಹೇಳುತ್ತಿದ್ದಳು.

ದಾಕ್ಷಿಯ ಹೊಲಿಗೆ ಮನೆಗೆ ಬರುವವರೆಲ್ಲ ಜೂನ್ ಒಂದರ ಮಕ್ಕಳೇ. ಸಿದ್ಧ ಉಡುಪು ಅವರಿಗೆ ಎಲ್ಲೂ ಸಿಗುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಳ್ಳದಿರಲೆಂದು ಓಣಿಯ ಎಷ್ಟೋ ಮನೆಗಳು ಬಾಗಿಲು ಎತ್ತರಿಸಿದ್ದವು. ಬಸ್ಸಿನಲ್ಲಿ ಕೊನೆಯ ಸೀಟು ಅವರಿಗೇ ಬಿಡುವುದು ರೂಢಿಯಾಗಿತ್ತು. ಮದುವೆಯ ಮಾತು ಬಂದರೆ ಹುಡುಗನ ಕಡೆಯವರು ಮೊದಲು ನಡೆದು ತೋರಿಸು ಎನ್ನುತ್ತಿದ್ದರು. ದಾಕ್ಷಿಗೂ ಎರಡು ಸಲ ಹಾಗೆ ಅಂದಿದ್ದರು. ಎರಡನೆಯವರ ಮುಂದೆ ಅವಳು ಕೋಲೂರಿ ಬಾಗಿಲವರೆಗೆ ನಡೆದು, ಬಾಗಿಲು ತೆಗೆದು, "ಈಗ ನೀವು ನಡದು ತೋರಸ್ರಿ" ಎಂದು ಹೊರಗೆ ಕಳಿಸಿದ್ದಳು.

"ಅಂವ ಸಹಿ ಮಾಡತಾನಂತೀಯೇನು?" ಎಂದು ಒಂದು ಸಂಜೆ ಕೇಳಿದಳು.

"ಎದಿ ಬಲೀಲಿಕ್ಕೆ ಹತ್ತಿದ ಮ್ಯಾಲೆ ಮಾಡತಾನ."

"ಮಾಡದ ಸತ್ರ?"

"ಸತ್ರ ಸಾಯಲಿ," ಎಂದಳು ನೀಲಗಂಗಾ. ಮಗಳು ತಲೆಯಾಡಿಸಿದಳು.

ಆರನೆಯ ತಿಂಗಳು ಹಂಚಿನಾಳನ ಹೃದಯದ ಗೋಡೆ ದಪ್ಪವಾಗಿರುವುದು ಪರದೆಯ ಮೇಲೆ ಕಂಡಿತು. ಹತ್ತು ಹೆಜ್ಜೆ ನಡೆದರೆ ಏದುಸಿರು. ಅವನು ಚಿತ್ರವನ್ನು ತಾನೇ ಓದಬಲ್ಲವನು, ಓದಿದ.

"ಕೋಡ್ ಒತ್ತು," ಎಂದ ಕೊನೆಗೆ. ‘ನೀವು’ ಹೋಗಿ ಮತ್ತೆ ‘ನೀನು’ ಬಂದಿತ್ತು. "ಒತ್ತಿದ್ರ ನಿನಗ ಛಲೋ. ನಾ ಸಹಿ ಮಾಡಿದ್ರ ಎಲ್ಲಾ ಕಡತ ತೆರಿತಾವು. ನಿನ್ನ ಮಗಳ ಕಡತದಾಗ ನಿನ್ನ ಎರಡು ಸಹಿ ಅದಾವು, ಸಾಲಿಗೆ ಹಾಕಿದಾಗಿಂದು ಒಂದು, ನನಗ ಬರಕೊಟ್ಟದ್ದು ಒಂದು. ಸಂಜಿ ಆರಕ್ಕ ಆಕಿ ಕೈಯಾಗಿನ ಫೋನಿನಾಗ ಬರತಾವು. ಆಕಿಗೆ ಗೊತ್ತೈತೇನು?"

ಇದನ್ನು ನೀಲಗಂಗಾ ಆರು ತಿಂಗಳೂ ಯೋಚಿಸಿರಲಿಲ್ಲವೆಂದಲ್ಲ. ಯೋಚನೆ ಬಂದಾಗಲೆಲ್ಲ ಪಕ್ಕಕ್ಕೆ ತಳ್ಳಿದ್ದಳು.

"ಗೊತ್ತಿಲ್ಲ ಹೌದಲ್ಲೋ?" ಹಂಚಿನಾಳ ಸಂದು ಬಿಟ್ಟ ಹಲ್ಲು ಬಿಟ್ಟು ನಕ್ಕ. "ಒತ್ತು. ನಾನೂ ಉಳೀತೀನಿ, ನೀನೂ ಉಳೀತಿ."

ಬೆರಳನ್ನು ಕೀಲಿಮಣೆಯ ಮೇಲೆ ಇಟ್ಟಳು ಕೂಡ. ನಾಲ್ಕು ಅಂಕಿ. ಒತ್ತಿದರೆ ಸಂಜೆ ಮನೆಗೆ ಹೋಗಿ, ಚಹಾ ಕುಡಿದು, ಇಬ್ಬರೂ ಸೇರಿ ಇವನನ್ನು ಬಯ್ಯಬಹುದು, ಸಾಯುವವರೆಗೂ. ಆದರೆ ಅವನ ಆ ನಗು! ಅಂದು ಇವಳು ಕಾಲಿಗೆ ಬಿದ್ದಾಗಲೂ, ಕೆಲಸಾ ಉಳೀತೈತಿ ಎನ್ನುವಾಗ, ಅವನು ಹೀಗೇ ನಕ್ಕಿದ್ದ. ಅದೇ ವ್ಯಾಪಾರವನ್ನು ಎರಡನೇ ಸಲ ಇವಳ ಮುಂದೆ ಇಡುತ್ತಿದ್ದಾನೆ. ಹನ್ನೆರಡು ವರ್ಷದ ಸಿಟ್ಟು ಒಮ್ಮೆಗೇ ನೆತ್ತಿಗೇರಿತು.

ಕೀಲಿಮಣೆಯಿಂದ ಕೈ ತೆಗೆದು, ಪ್ರಮಾಣಪತ್ರದ ಹಾಳೆಯನ್ನು ಅವನ ಮುಂದೆ ತಳ್ಳಿದಳು.

"ತೆರೀಲಿ. ಸಹಿ ಮಾಡ್ರಿ."

"ಹುಚ್ಚಿ! ನಿನ್ನ ಮಗಳು ನಿನ್ನ ಮಾರಿಗೆ ಉಗಳತಾಳ."

"ಉಗಳಲಿ. ನೀವು ಸಹಿ ಮಾಡೂತನಕ ನಿಮ್ಮ ಎದಿ ಕಾಯತೈತೇನು ನೋಡ್ರಿ."

ಗಂಟೆ ನಾಲ್ಕೂವರೆ. ಹಂಚಿನಾಳ ಅವಳ ಮುಖ ನೋಡಿದ, ಪರದೆಯ ಮೇಲೆ ಹೊಡೆದುಕೊಳ್ಳುತ್ತಿದ್ದ ತನ್ನ ಹೃದಯ ನೋಡಿದ. ಪೆನ್ನು ದಪ್ಪ ಬೆರಳುಗಳಿಂದ ಎರಡು ಸಲ ಜಾರಿ ಬಿತ್ತು. ಮೂರನೇ ಸಲ ನೀಲಗಂಗಾ ಅದನ್ನು ಮುಷ್ಟಿಯಲ್ಲಿ ಹಿಡಿಸಿದಳು. ‘ನನ್ನ ದಾಖಲೆಯ ವಯಸ್ಸು ಸುಳ್ಳು. ನನಗೆ ಅರವತ್ತೊಂದು’ ಎಂದು ಅವನು ಒಂದನೇ ಇಯತ್ತೆಯ ಮಗುವಿನಂತೆ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದ. ಅವಳು ಹಾಳೆಯನ್ನು ಗಣಕಕ್ಕೆ ತೋರಿಸಿದಳು. ಕಡಲೆ ಮೊದಲ ಸಲ ಸಾಕು ಎಂದಿತು.

"ಇನ್ನ ಇಳಿತೈತಲ್ಲ?" ಎಂದ, ಅಳುವ ದನಿಯಲ್ಲಿ. "ಎಲ್ಲಾ ಮೊದಲಿನಂಗ ಆಗತೈತಲ್ಲ?"

"ಬಾವು ಇಳೀತೈತಿ. ಜೀವ ಉಳದರೂ ಉಳೀಬಹುದು," ಎಂದಳು. "ಎಲುಬು ಇಳಿಯೂದಿಲ್ರಿ. ಬೆಳದದ್ದು ಬೆಳದಂಗ. ನನ್ನ ಮಗಳದು ಇಳೀತೇನು?"

ಅವನ ಮುಖ ಕುಸಿದದ್ದನ್ನು ಅವಳು ಕಣ್ತುಂಬ ನೋಡಿದಳು. ಈ ಗಳಿಗೆಗಾಗಿಯೇ ಬದುಕಿದ್ದೆ ಅನ್ನಿಸಿತು. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಗಂಟೆ ಐದಾಗಿತ್ತು.

ದಾಕ್ಷಿ ಒಂದು ಉದ್ದನೆಯ ಲಂಗಕ್ಕೆ ಅಂಚು ಮಡಿಸುತ್ತಿದ್ದಳು. "ಮಾಡಿದನೇನು?" ಎಂದು ಕೇಳಿದಳು, ತಾಯಿಯ ಮುಖ ನೋಡಿಯೇ.

"ಮಾಡಿದ."

"ಶಾಭಾಸ್ ನಮ್ಮವ್ವ!" ದಾಕ್ಷಿ ತಾಯಿಯನ್ನು ಹಿಡಿದೆಳೆದು ಅಪ್ಪಿಕೊಂಡಳು. ಕೂತಿದ್ದರೂ ಅವಳ ತಲೆ ತಾಯಿಯ ಭುಜಕ್ಕೆ ಬರುತ್ತಿತ್ತು. "ಕರದಂಟು ತರಲಿಲ್ಲೇನು ಇವತ್ತ?"

ನೀಲಗಂಗಾ ಬಿಡಿಸಿಕೊಂಡು ನೆಲದ ಮೇಲೆ ಕೂತಳು. ಹೇಳಿದಳು. ಶಾಲೆಯ ಬಾಗಿಲು, ಅತ್ತದ್ದು, ಸಹಿ, ಹಂಚಿನಾಳನ ಕೋಣೆ, ಇನ್ನೊಂದು ಸಹಿ. ಎಲ್ಲವನ್ನೂ ಹೇಳಲು ಕಾಲು ಗಂಟೆಯೂ ಹಿಡಿಯಲಿಲ್ಲ. ದಾಕ್ಷಿ ಕೈಯಲ್ಲಿದ್ದ ಬಟ್ಟೆಯನ್ನೇ ನೋಡುತ್ತಿದ್ದಳು.

"ಹೋದ ವರ್ಷ ಕಳಕಪ್ಪ ಮಾಸ್ತರ ನನ್ನ ನೋಡಾಕ ಬಂದಿದ್ದ," ಎಂದಳು ಆಮೇಲೆ. "ಸಾಯೂದಕ್ಕ ತಿಂಗಳ ಮೊದಲ. ಮಾರಿಗೆ ಬಾಗಲಾ ಹಾಕಿದೆ. ಹೊರಗ ಬಿಸಿಲಾಗ ನಿಂತು ‘ಯವ್ವಾ, ತಂಗಿ’ ಅಂತ ಕರೀತಿದ್ದ. ನೀ ಒಳಗ ರೊಟ್ಟಿ ಬಡಿಯಾಕ ಹತ್ತಿದ್ದಿ."

"ಹೌದು."

"ಬಡಿಯೂದು ನಿಲ್ಲಸಲಿಲ್ಲ ನೀನು."

ನೀಲಗಂಗಾ ನೆಲದ ಮೇಲೆ ಬಿದ್ದಿದ್ದ ದಾರದ ತುಂಡುಗಳನ್ನು ಆಯತೊಡಗಿದಳು.

"ಹಂಚಿನಾಳಗ ಸಹಿ ಮಾಡಾಕ ಆರು ತಿಂಗಳ ಹತ್ತಿತು," ಎಂದಳು ದಾಕ್ಷಿ. "ನಿನಗ ಹನ್ನೆರಡು ವರ್ಷ."

ಆರು ಗಂಟೆಗೆ ಮೇಜಿನ ಮೇಲಿನ ಫೋನು ಸದ್ದು ಮಾಡಿತು. ದಾಕ್ಷಿ ಓದಿದಳು, ಎರಡು ಸಹಿಗಳನ್ನೂ ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ. ಹಂಚಿನಾಳನ ವಿಷಯ ಮಾತಾಡುವಾಗ ಆ ಕಣ್ಣಲ್ಲಿ ಏನಿರುತ್ತಿತ್ತೋ, ಅದೇ ಈಗ ತನ್ನತ್ತ ತಿರುಗಿದ್ದನ್ನು ನೀಲಗಂಗಾ ಕಂಡಳು.

"ಕಾಗದ ತಗಿ. ನಿನ್ನದೂ ಒಂದು ಪ್ರಮಾಣಪತ್ರ ಆಗಲಿ. ನಾ ಹೇಳತೀನಿ, ನೀ ಬರಿ."

ನೀಲಗಂಗಾ ಕಾಗದ ತಂದು ತೊಡೆಯ ಮೇಲಿಟ್ಟುಕೊಂಡಳು. ಹೆಸರು ಬರೆದಳು, ಊರು ಬರೆದಳು. ‘ನನ್ನ ಮಗಳ ವಯಸ್ಸನ್ನು ಅನಿವಾರ್ಯವಾಗಿ’ ಎಂದು ಬರೆಯುವಾಗ ದಾಕ್ಷಿ ಮೇಲಿನಿಂದ ಬಗ್ಗಿ ನೋಡಿದಳು.

"ಅನಿವಾರ್ಯ ಅಂತ ನಾ ಹೇಳಿದ್ನೇನು? ಹೊಡದ ಹಾಕು."

ಹೊಡೆದು ಹಾಕಿದಳು.

"ಮಾಸ್ತರ ಬ್ಯಾಡ ಅಂದಿದ್ದ ಅಂತ ಬರಿ."

ನೀಲಗಂಗಾ ಬರೆದಳು.